ಐವತ್ತೆರಡು ಪುಟಕ್ಕೊಬ್ಬ ಓದುಗ

ಇದು ನಿಜವಾಗಿ ನಡೆದದ್ದು. ಸುಳ್ಳೆನಿಸಿದರೆ ಆ ತಪ್ಪು ಕಥೆ ಹೇಳುವವನದ್ದಲ್ಲ, ನಡೆದದ್ದರದ್ದು.

ಸಾವಿರಾರು ಕಾರು ಸಾಲಗಳನ್ನು ಒಂದೇ ಗಂಟು ಕಟ್ಟಿ, ಅದರ ಮೇಲೆ ಬಾಂಡು ಮಾರುವ ಕಂಪನಿ ಅದು. ಗಂಟಿನ ಯೋಗಕ್ಷೇಮದ ಬಗ್ಗೆ ಹೂಡಿಕೆದಾರರಿಗೂ ಸರ್ಕಾರಕ್ಕೂ ತಿಂಗಳು ತಿಂಗಳೂ ವರದಿ ಒಪ್ಪಿಸಬೇಕೆಂದು ಸರ್ಕಾರದ ಕಟ್ಟಳೆ. ಐವತ್ತೆರಡು ಪುಟ, ಹದಿನಾರು ಅನುಬಂಧ. ಬರೆಯುವ ಗುಮಾಸ್ತನ ಹೆಸರೇ ‘ಅನುಬಂಧ’ ಆಗಿಹೋಗಿತ್ತು. ಒಂಬತ್ತು ವರ್ಷದಲ್ಲಿ ಒಬ್ಬನೇ ಒಬ್ಬ “ಓದಿದೆ” ಎಂದಿರಲಿಲ್ಲ.

“ಯಾರೂ ಓದದೇ ಇರೋದನ್ನ ಬರೆಯೋಕೆ ಎರಡು ಸಲ ಕನ್ನಡಕ ಬದಲಾಯಿಸಿದ್ರಲ್ರೀ!” ಎಂದು ಹೆಂಡತಿ ಚುಚ್ಚುತ್ತಲೇ ಇದ್ದಳು.

ಅಂದು ವರದಿ ಕಳುಹಿಸಿ ಗಂಟೆಯಾಗಿರಲಿಲ್ಲ, ಫೋನು ಬಡಿದುಕೊಂಡಿತು. ನಡುಗುವ ಮುದಿ ದನಿ.

“ನಲವತ್ತೇಳನೇ ಪುಟದ ಅಡಿಟಿಪ್ಪಣಿ ಓದ್ದೆ ಕಣಪ್ಪಾ. ಟೀ ಯಾವಾಗ ಕೊಡಿಸ್ತೀಯಾ?”

ಅನುಬಂಧನ ಮೈ ಜುಮ್ಮೆಂದಿತು. ಆ ಪುಟದ ತಳದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, ಮೂರು ವರ್ಷದಿಂದ ಅವನು ಗುಟ್ಟಾಗಿ ಸೇರಿಸುತ್ತಿದ್ದ ಸಾಲೊಂದಿತ್ತು: ‘ಇಲ್ಲಿಯವರೆಗೆ ಓದಿದವರು ಫೋನ್ ಮಾಡಿದರೆ ಟೀ ನನ್ನದು.’

“ಸಂಜೆಗೇ ಬನ್ನಿ ಅಜ್ಜಾ! ಬಿಸ್ಕತ್ತೂ ಕೊಡಿಸ್ತೀನಿ!”

ಫೋನಿಟ್ಟವನೇ ಬಾಲಕ್ಕೆ ಪಟಾಕಿ ಕಟ್ಟಿದ ಕರುವಿನಂತೆ ಓಡಿದ. ಪ್ರಿಂಟರಿಗೆ ಡಿಕ್ಕಿ ಹೊಡೆದ, ಕಾಗದಗಳು ಹಾರಿದವು, ಕ್ಯಾಷಿಯರನನ್ನು ತಬ್ಬಿಕೊಂಡ, ಮ್ಯಾನೇಜರಮ್ಮನ ಕೋಣೆಗೆ ಬಾಗಿಲು ಬಡಿಯದೇ ನುಗ್ಗಿದ.

“ಮೇಡಂ, ಒಬ್ರು ಓದಿದಾರೆ!”

“ಏನನ್ನ?”

“ನಮ್ಮ ವರದೀನ ಮೇಡಂ! ನಲವತ್ತೇಳನೇ ಪುಟ!”

ಮೇಡಂ ಜನ್ಮದಲ್ಲಿ ಮೊದಲ ಸಲ ಆ ಪುಟ ತೆಗೆದರು. ಕನ್ನಡಕ ಏರಿಸಿದರು. ಇಳಿಸಿದರು. ಮುಖ ಕಾದ ಕಾವಲಿಯಾಯಿತು.

“ಸರ್ಕಾರಕ್ಕೆ ಹೋಗೋ ಕಾಗದದಲ್ಲಿ ಟೀ ಪಾರ್ಟೀನಾ? ಮೂವತ್ತಾರು ತಿಂಗಳ ವರದೀನೂ ತಿದ್ದಿ ಮತ್ತೆ ಕಳಿಸು. ಮುಗಿಯೋ ತನಕ ರಜೆ, ಭಾನುವಾರ ಎಲ್ಲಾ ಮರೆತುಬಿಡು!”

ಮೇಡಂ ಕಪಾಟಿನಿಂದ ತೆಗೆದುಕೊಟ್ಟ ಹಳೇ ವರದಿಗಳ ಕಟ್ಟನ್ನು ತೋಳಲ್ಲಿ ಹೊತ್ತು ಹೊರಗೆ ಬಂದರೆ ಇಡೀ ಆಫೀಸು ಹೊಟ್ಟೆ ಹಿಡಿದುಕೊಂಡು ನಗುತ್ತಿದೆ. ಮೊಬೈಲು ಹಿಡಿದು ಮೆಟ್ಟಿಲ ಕಡೆಯಿಂದ ಬಂದ ಪಕ್ಕದ ಮೇಜಿನವನು, ಎಲ್ಲರ ದನಿಯನ್ನೂ ಅಣಕಿಸುವುದರಿಂದ ‘ಗಿಳಿ’ ಎನಿಸಿಕೊಂಡವನು, ಮೂಗು ಹಿಡಿದು ಅದೇ ಮುದಿ ದನಿ ನಡುಗಿಸಿದ: “ಬಿಸ್ಕತ್ತು ಎಲ್ಲಪ್ಪಾ ಮಗಾ?”

ಅನುಬಂಧ ಅವನ ಹತ್ತಿರ ಹೋದ. ಆಮೇಲೆ ಮೆಲ್ಲಗೆ ಕೇಳಿದ: “ಫೋನು ಸುಳ್ಳು, ಸರಿ. ಆದ್ರೆ ಆ ಸಾಲು ನಿನಗೆ ಹೇಗೆ ಗೊತ್ತಾಯ್ತು?”

ಗಿಳಿಯ ನಗು ಗಕ್ಕನೆ ನಿಂತಿತು. “ಅದು... ಓದ್ತೀನಿ ಮಾರಾಯ.”

“ಯಾವಾಗಿಂದ?”

“ಪ್ರತಿ ತಿಂಗ್ಳೂ,” ಎಂದ ಗಿಳಿ, ಕಳ್ಳತನ ಒಪ್ಪಿಕೊಂಡವನ ಹಾಗೆ. “ಹೋದ್ಸಲದ ಹನ್ನೆರಡನೇ ಅನುಬಂಧ ಚೆನ್ನಾಗಿತ್ತು ಕಣೋ.”

ಮೂವತ್ತಾರು ವರದಿಗಳ ಕಟ್ಟು ತೋಳಿಂದ ಜಾರಿ ನೆಲಕ್ಕೆ ಬಿತ್ತು. ಅನುಬಂಧ ಗೋಡೆಗೊರಗಿ ನಕ್ಕ ನಗುವಿಗೆ ಒಳಗಿದ್ದ ಮೇಡಂ ಬೆಚ್ಚಿ ಎದ್ದು ಬಂದರು. ಮಿಕ್ಕವರ ನಗು ಅದರಡಿ ಕೇಳಿಸಲೇ ಇಲ್ಲ.