ಪಲ್ಪರ್ ಹಬೀಬ್ ಸಾಬರ ಬಿಚ್ಚುಮನಸ್ಸು

ಅನರ್ಥಕ್ಕೆಲ್ಲ ಮೂಲ ಒಂದು ಪೋಸ್ಟ್ ಕಾರ್ಡು. ಮೂಡಿಗೆರೆಯ ಪೋಸ್ಟ್‌ಮ್ಯಾನ್ ತಿಮ್ಮಪ್ಪ ಅದನ್ನು ದಾರಿಯಲ್ಲಿ ಎರಡು ಸಲ ತನಗಾಗಿ ಓದಿಕೊಂಡು, ಶೇಷಪ್ಪನ ಹೋಟೆಲಿನಲ್ಲಿ ಒಂದು ಸಲ ಊರಿಗಾಗಿ ಗಟ್ಟಿಯಾಗಿ ಓದಿ, ಆಮೇಲೆ ಹಬೀಬುರ್ರಹ್ಮಾನನ ಕೈಗಿಟ್ಟ. ಹೀಗಾಗಿ ಹಬೀಬನಿಗೆ ಬಂದ ಕಾಗದದ ಸುದ್ದಿ ಊರಿನಲ್ಲಿ ಎಲ್ಲರಿಗಿಂತ ಕಡೆಗೆ ತಿಳಿದದ್ದು ಹಬೀಬನಿಗೇ.

ಮೈಸೂರಿನ ಒಂದು ಮಾಸಪತ್ರಿಕೆಯ ಸಂಪಾದಕರು ಬರೆದಿದ್ದರು: "ತಮ್ಮಲ್ಲಿ ತಯಾರಾದ ಹೊಸ ಬಗೆಯ ಕಾಫಿ ಪಲ್ಪರಿನ ಕೀರ್ತಿ ಇಲ್ಲಿಯವರೆಗೂ ಮುಟ್ಟಿದೆ. ಸಾಧನೆ ಮಾಡಿದವರೊಡನೆ ಬಿಚ್ಚುಮನಸ್ಸಿನ ಮಾತುಕತೆ ನಡೆಸಿ ಪ್ರಕಟಿಸುವುದು ನಮ್ಮ ಪತ್ರಿಕೆಯ ಪದ್ಧತಿ. ಬರುವ ಗುರುವಾರ ಹನ್ನೊಂದು ಗಂಟೆಯ ಬಸ್ಸಿಗೆ ಬಂದು ಮನೆಯಲ್ಲೇ ಕಾಣುತ್ತೇವೆ. ಮುಚ್ಚುಮರೆ ಇಲ್ಲದೆ ಮಾತನಾಡಬೇಕಾಗಿ ಪ್ರಾರ್ಥನೆ. ಫೋಟೋ ಸಹ ತೆಗೆಯಲಾಗುವುದು."

ಹಬೀಬನಿಗೆ ಆಶ್ಚರ್ಯವೇನೂ ಆಗಲಿಲ್ಲ. ಇಷ್ಟು ತಡವಾಯಿತಲ್ಲ ಎಂದು ಸ್ವಲ್ಪ ಬೇಸರವಾಯಿತು, ಅಷ್ಟೆ. ಇಪ್ಪತ್ತು ವರ್ಷದಿಂದ ಅವನು ತೋಟದವರ ಪಲ್ಪರುಗಳನ್ನು ರಿಪೇರಿ ಮಾಡುತ್ತಿದ್ದ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರಗಳಿಗೆ ಒಂದು ಕೆಟ್ಟ ಚಾಳಿಯಿತ್ತು. ದಪ್ಪ ಹಣ್ಣು ಸಿಕ್ಕಿತೋ, ಸಿಪ್ಪೆಯ ಜೊತೆ ಒಳಗಿನ ಬೀಜವನ್ನೂ ಕಚ್ಚಿಬಿಡುತ್ತಿದ್ದವು. ಕಚ್ಚಿದ ಬೀಜಕ್ಕೆ ಬೆಲೆಯಿಲ್ಲ. ಹಬೀಬನ ಪಲ್ಪರು ಕಚ್ಚುತ್ತಿರಲಿಲ್ಲ. ಹಣ್ಣನ್ನು ಒತ್ತಿ ಸುಲಿಯುವ ಕಬ್ಬಿಣದ ಪಟ್ಟಿಯ ಹಿಂದೆ ಅವನು ಹಳೆಯ ಬಸ್ ಟಯರಿನ ರಬ್ಬರು ಕೊಟ್ಟಿದ್ದ. ದಪ್ಪ ಹಣ್ಣು ಬಂದರೆ ಪಟ್ಟಿ ತುಸು ಹಿಂದೆ ಸರಿದು ದಾರಿ ಬಿಡುತ್ತಿತ್ತು. ಜಾವಳಿಯಿಂದ, ಸಂಸೆಯಿಂದಲೂ ತೋಟದವರು ಬಂದು ನೋಡಿ ತಲೆದೂಗಿದ್ದರು.

"ಈ ಉಪಾಯ ಹೆಂಗೆ ಹೊಳೀತು ಸಾಬ್ರೆ?" ಎಂದು ಯಾರು ಕೇಳಿದರೂ ಹಬೀಬ ಆಕಾಶ ನೋಡಿ, "ಹೇಮಾವತಿ ದಡದಾಗೆ ಕೂತು ಯೋಚ್ನೆ ಮಾಡ್ತಿದ್ದೆ..." ಎಂದು ಶುರುಮಾಡುತ್ತಿದ್ದ.

ನಿಜವಾಗಿ ಅದು ಹೊಳೆದದ್ದು ಅವನ ಹೆಂಡತಿ ರೌಶನ್ ಬೀಗೆ, ಅಡುಗೆಮನೆಯಲ್ಲಿ. ಹಬೀಬನ ತಾಯಿ ಜಮೀಲುನ್ನೀಸಾಗೆ ಒಂದು ಹಲ್ಲೂ ಉಳಿದಿರಲಿಲ್ಲ. ಮುದುಕಿ ನೇರಳೆ ಹಣ್ಣು ತಿಂದು ಉಗಿದ ಬೀಜದ ಮೇಲೆ ಒಂದು ಗೀರೂ ಇಲ್ಲದ್ದನ್ನು ಸೊಸೆ ನೋಡಿದಳು. "ಹಲ್ಲಿದ್ದೋರು ಬೀಜ ಕಚ್ತಾರೆ, ಅತ್ತೆ ಕಚ್ಚಲ್ಲ. ನಿಮ್ಮ ಮಿಶೀನಿಗೂ ಮೆತ್ತಗಿನ ಒಸಡು ಕೊಡಿ ನೋಡುವ" ಎಂದಳು. ಹಬೀಬ ಅಂದು ನಕ್ಕಿದ್ದ. ಮಾರನೆಯ ದಿನ ಟಯರು ಕತ್ತರಿಸಿದ್ದ.

ಗುರುವಾರ ಬೆಳಿಗ್ಗೆ ಕೋಟಿನ ಗುಂಡಿ ಹೊಲಿದುಕೊಡುತ್ತ ರೌಶನ್ ಬೀ ಕೇಳಿದಳು: "ಇಲ್ಲಿ ಕೇಳಿ. ಪೇಪರಿನೋರಿಗೆ ನನ್ನ ಹೆಸ್ರು ಒಂದ್ಸಲ ಹೇಳ್ತೀರಲ್ಲ? ಜಾಸ್ತಿ ಬೇಡ. ಒಂದೇ ಸಾಲು."

"ನೋಡುವ, ಮಾತಿನ ಮಧ್ಯೆ ಜಾಗ ಸಿಕ್ರೆ" ಎಂದ ಹಬೀಬ, ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುತ್ತ. ಅಚ್ಚಿನಲ್ಲಿ ಬರುವುದು ಒಂದೇ ಒಂದು ಹೆಸರು, ಅದು ತನ್ನದು ಎಂದು ಅವನು ಕಾರ್ಡು ಕಂಡ ದಿನವೇ ನಿಶ್ಚಯಿಸಿಬಿಟ್ಟಿದ್ದ.

ಮನೆಯಲ್ಲಿ ಕಾಣುತ್ತೇವೆ ಎಂದು ಕಾರ್ಡು ಹೇಳಿದರೂ ಊರು ಕೇಳಬೇಕಲ್ಲ!

"ಮನೇಲಿ ಕೂತ್ರೆ ಮರ್ಯಾದೆ ಎಂತ ಉಳೀತದೆ ಮಾರಾಯ್ರೆ? ಬಸ್ ಸ್ಟ್ಯಾಂಡಿನಾಗೇ ಹಾರ ಹಾಕ್ಬೇಕು. ಹಂಗೇ ನಮ್ಮ ಹೋಟ್ಲಿನಾಗೆ ಒಂದು ಲೋಟ ಕಾಫಿ. ಆ ಕಾಫಿ ಕುಡ್ದೇ ನಿಮ್ಗೆ ಬುದ್ಧಿ ಬಂದಿದ್ದು ಅಂತ ಒಂದ್ ಮಾತು ಹೇಳಿ" ಎಂದ ಶೇಷಪ್ಪ.

"ಕಾರ್ಡು ತಂದೋನು ನಾನು. ಪೋಸ್ಟಿಲ್ದೆ ಕೀರ್ತಿ ಎಲ್ಲಿಂದ ಬರ್ತದೆ? ಅದೂ ಸೇರ್ಲಿ" ಎಂದ ತಿಮ್ಮಪ್ಪ.

ಹಬೀಬ ಇಬ್ಬರಿಗೂ ಧಾರಾಳವಾಗಿ "ಆಗ್ಲಿ" ಎಂದ. ಹೆಂಡತಿಗೆ ಸಿಗದ ಜಾಗ ಹೋಟೆಲಿಗೂ ಅಂಚೆಗೂ ಹೇಗೆ ಸಿಕ್ಕಿತು ಎಂದು ಅವನನ್ನು ಕೇಳುವವರು ಅಲ್ಲಿರಲಿಲ್ಲ.

ಬಸ್ಸು ಏದುಸಿರು ಬಿಡುತ್ತ ಬಂದು ನಿಂತಿತು. ಮೊದಲು ಇಳಿದವರು ಕನ್ನಡಕ ಹಾಕಿದ, ಕೈಯಲ್ಲಿ ಕೊಡೆ ಹಿಡಿದ, ಹೆಗಲಿಗೆ ಚೌಕನೆಯ ಚೀಲ ಇಳಿಬಿಟ್ಟ ಒಬ್ಬ ಹೆಂಗಸು. ನೇರವಾಗಿ ಹಬೀಬನ ಮುಂದೆಯೇ ನಿಂತು, "ಹಬೀಬ್ ಸಾಬರ ಮನೆ ಎಲ್ಲಿ ಬರುತ್ತೆ?" ಎಂದರು.

ರೌಶನ್ ಬೀ ರವಿಕೆ ಹೊಲಿಯುವುದರಲ್ಲಿ ಹೆಸರಾದವಳು. ದಿನಕ್ಕೆ ನಾಲ್ಕು ಜನ ಹೀಗೆ ಮನೆ ಕೇಳಿಕೊಂಡು ಬರುತ್ತಿದ್ದರು. ಹಬೀಬ ಅವರ ತಲೆಯ ಮೇಲಿಂದ ಬಸ್ಸಿನ ಬಾಗಿಲನ್ನೇ ನೋಡುತ್ತ, "ಆ ತಿರುವಿನಾಗೆ, ಹಸಿರು ಬಾಗ್ಲು. ಮನೆಯವ್ಳು ಇದಾಳೆ, ಹೋಗಿ. ದಾರಿ ಬಿಡಿ ಅಮ್ಮ, ದೊಡ್ಡೋರು ಇಳೀತಾರೆ" ಎಂದ.

ದೊಡ್ಡವರು ಇಳಿದೇಬಿಟ್ಟರು. ಖಾಕಿ ಕೋಟು, ತಲೆಯ ಮೇಲೆ ಟೊಪ್ಪಿ, ಕಂಕುಳಲ್ಲಿ ದಪ್ಪ ಪುಸ್ತಕ, ಕಿವಿಯಲ್ಲಿ ಪೆನ್ಸಿಲು. ಶೇಷಪ್ಪ ಹಾರ ಹಾಕಿದ. ತಿಮ್ಮಪ್ಪ ಚೀಲ ಕಸಿದುಕೊಂಡ. ಆ ಮನುಷ್ಯ ಒಂದು ಗಳಿಗೆ ತಬ್ಬಿಬ್ಬಾದ. ಅವನು ಸರ್ಕಾರದ ಮಲೇರಿಯಾ ಇನ್ಸ್‌ಪೆಕ್ಟರು. ಅವನನ್ನು ಕಂಡರೆ ಜನ ಹಿತ್ತಿಲ ಬಾಗಿಲಿನಿಂದ ಓಡುವುದು ವಾಡಿಕೆ. ಹಾರ ಹಾಕಿದ ಊರು ಅವನ ಸರ್ವೀಸಿನಲ್ಲೇ ಇದು ಮೊದಲು.

"ಎಲ್ಲಿಂದ ಶುರು ಮಾಡೋಣ?" ಎಂದ ಇನ್ಸ್‌ಪೆಕ್ಟರು, ಕಾಫಿ ಮುಗಿಸಿ.

"ನನ್ನ ಶೆಡ್ಡಿನಿಂದಲೇ ಸಾರ್. ಎಲ್ಲ ಬಿಚ್ಚುಮನಸ್ಸಿನಿಂದ ಹೇಳ್ತೀನಿ. ಮುಚ್ಚುಮರೆ ನಮ್ಮ ಹತ್ರ ಇಲ್ಲ" ಎಂದ ಹಬೀಬ.

ಶೆಡ್ಡಿನ ಹಿಂದೆ ಮುಂದಿನ ಹತ್ತು ಪಲ್ಪರುಗಳಿಗೆಂದು ಕೂಡಿಟ್ಟ ಟಯರುಗಳ ರಾಶಿಯಿತ್ತು. ಕಳೆದ ತಿಂಗಳು ಬಿದ್ದ, ಕಾಫಿ ಹೂ ಅರಳಿಸುವ ಹೂಮಳೆಯ ನೀರು ಅವುಗಳ ಹೊಟ್ಟೆಯಲ್ಲಿ ಇನ್ನೂ ತಣ್ಣಗೆ ಕೂತಿತ್ತು. ಪಕ್ಕದಲ್ಲಿ ನಾಲ್ಕು ಡ್ರಮ್ಮು ನೀರು.

"ಈ ನೀರು ಎಷ್ಟು ದಿನದ್ದು?" ಇನ್ಸ್‌ಪೆಕ್ಟರು ಪೆನ್ಸಿಲು ತೆಗೆದ.

ಎಷ್ಟು ಆಳಕ್ಕೆ ಇಳಿದು ಕೇಳ್ತಾರಪ್ಪ ಓದಿದವರು ಎಂದು ಹಬೀಬನಿಗೆ ಹೆಮ್ಮೆಯಾಯಿತು. "ಎರಡು ತಿಂಗ್ಳು ಸಾರ್. ಪಲ್ಪರಿಗೆ ನೀರು ಬಿಟ್ಟೇ ಪರೀಕ್ಷೆ ಮಾಡ್ಬೇಕು. ಚೆಲ್ಲೋ ಜಾತಿ ಅಲ್ಲ ನಾನು. ಹಳೇ ನೀರನ್ನೇ ಮತ್ತೆ ಮತ್ತೆ ಬಳಸ್ತೀನಿ."

ಇನ್ಸ್‌ಪೆಕ್ಟರು ಚೀಲದಿಂದ ಸೌಟು ತೆಗೆದು ನೀರು ಎತ್ತಿ ಬೆಳಕಿಗೆ ಹಿಡಿದ. "ಇದರ ತುಂಬ ಹುಳ."

"ಇರ್ತವೆ ಸಾರ್. ಯಾವತ್ತೂ ಕಡ್ಮೆ ಆಗಿಲ್ಲ. ಟಯರಿನಾಗೆ ಇನ್ನೂ ಜಾಸ್ತಿ ಇದಾವೆ, ತೋರಿಸ್ಲಾ?"

ಹತ್ತು ವರ್ಷದಲ್ಲಿ ಇನ್ಸ್‌ಪೆಕ್ಟರಿಗೆ ಇಂಥ ಸತ್ಯವಂತ ಸಿಕ್ಕಿರಲಿಲ್ಲ. ಅವನು ಒಂದೊಂದು ಟಯರನ್ನೂ ನೋಡಿ ಬರೆದುಕೊಂಡ. ಹಬೀಬ ಒಂದನ್ನೂ ತಪ್ಪಿಸದೆ ತೋರಿಸಿದ. ಎರಡು ಗಂಟೆ ಹೊತ್ತಾಯಿತು. ಕೊನೆಗೆ ಪುಸ್ತಕದ ಹಾಳೆ ತಿರುವಿ ಇನ್ಸ್‌ಪೆಕ್ಟರು ಕೇಳಿದ: "ಇದಕ್ಕೆಲ್ಲ ಕಾರಣ ಯಾರು?"

ಹಬೀಬನಿಗೆ ಬೆಳಗಿನ ಮಾತು ನೆನಪಾಯಿತು. ನಾಲಗೆಯ ತುದಿಗೆ ರೌಶನ್ ಎಂಬ ಹೆಸರು ಬಂದದ್ದೂ ನಿಜ. ಆದರೆ ಪೆನ್ಸಿಲು ಕಾಯುತ್ತಿತ್ತು, ಶೇಷಪ್ಪ ತಿಮ್ಮಪ್ಪ ಕಿವಿಗೊಟ್ಟು ನಿಂತಿದ್ದರು. ಎದೆ ಉಬ್ಬಿಸಿ ಹೇಳಿದ: "ನಾನೊಬ್ನೇ ಸಾರ್. ಇದ್ರಾಗೆ ಬೇರೆ ಯಾರ ಪಾಲೂ ಇಲ್ಲ."

"ಹಾಗಾದರೆ ಇಲ್ಲಿ ರುಜು ಹಾಕಿ."

ಹಬೀಬ ಕೊಕ್ಕೆ ಎಳೆದು ದೊಡ್ಡದಾಗಿ ರುಜು ಹಾಕಿದ. ಇನ್ಸ್‌ಪೆಕ್ಟರು ಹಾಳೆ ಹರಿದು ಅವನ ಕೈಗೇ ಕೊಟ್ಟ. ಸೊಳ್ಳೆ ಬೆಳೆಸಿದ ಅಪರಾಧವನ್ನು ಸದರಿಯವರು ಸ್ವಂತ ಬಾಯಿಂದ ಒಪ್ಪಿರುವುದರಿಂದ ಸಂಜೆಯೊಳಗೆ ಡ್ರಮ್ಮು ಮಗುಚಿ, ಟಯರೆಲ್ಲ ಮಣ್ಣಿನಲ್ಲಿ ಹೂಳತಕ್ಕದ್ದು ಎಂದು ಅದರಲ್ಲಿ ಬರೆದಿತ್ತು.

"ಫೋಟೋ ಸಾರ್?" ಎಂದ ಹಬೀಬ ಸಣ್ಣ ದನಿಯಲ್ಲಿ.

"ಯಾವ ಫೋಟೋ? ಸೊಳ್ಳೆದಾ?" ಎಂದು ಇನ್ಸ್‌ಪೆಕ್ಟರು ಹಾರ ತೆಗೆದು ಡ್ರಮ್ಮಿನ ಮೇಲಿಟ್ಟು ಮುಂದಿನ ಬೀದಿಗೆ ಹೊರಟ.

ಹಬೀಬ ಮನೆಗೆ ಓಡಿದ. ಹಸಿರು ಬಾಗಿಲಿನಲ್ಲಿ ಆ ಕನ್ನಡಕದ ಹೆಂಗಸು ಚೌಕನೆಯ ಚೀಲಕ್ಕೆ ಕ್ಯಾಮೆರಾ ತುಂಬುತ್ತಿದ್ದರು. ಅವನಿಗೆ ಎಲ್ಲ ಅರ್ಥವಾಯಿತು. ಆದರೂ ಧೈರ್ಯ ಹೋಗಲಿಲ್ಲ.

"ನಾನೇ ಅಮ್ಮ ಹಬೀಬುರ್ರಹ್ಮಾನ್. ಕೇಳಿ, ಏನು ಬೇಕಾದ್ರೂ ಕೇಳಿ."

"ಓ, ನೀವಾ? ನಾನು ಗಿರಿಜಾಂಬಾ, ಸಂಪಾದಕಿ. ನಮ್ಮದು ಮಹಿಳೆಯರ ಪತ್ರಿಕೆ, ಮನೆಯ ಹೆಂಗಸರ ಮಾತೇ ನಮಗೆ ಬೇಕಾದದ್ದು. ನೀವಿಲ್ಲದ್ದು ಒಳ್ಳೆಯದೇ ಆಯಿತು, ಎಲ್ಲ ಬಿಚ್ಚಿ ಹೇಳಿದರು. ಬಸ್ಸಿಗೆ ಹೊತ್ತಾಯಿತು, ಬರ್ತೀನಿ" ಎಂದು ಕೊಡೆ ಬಿಚ್ಚಿ ಹೊರಟೇಬಿಟ್ಟರು.

ಹಬೀಬ ಹೆಂಡತಿಯ ಕಡೆ ತಿರುಗಿದ. "ಎಲ್ಲ ನಿನ್ನ ಹೆಸ್ರಿಗೇ ಬರಿಸ್ಕೊಂಡ್ಯಾ?"

ರೌಶನ್ ಬೀಯ ಮುಖ ಅವನದಕ್ಕಿಂತ ಬಾಡಿತ್ತು. "ನನ್ನ ಹೆಸ್ರೆಲ್ಲಿ ಬಂತು? ಅತ್ತೆ ಒಸಡು ನೋಡಿ ಹೊಳೀತು ಅಂತ ಬಾಯಿ ಬಿಟ್ಟೆ. ಅಷ್ಟೆ. ಅತ್ತೆ ಎದ್ದು ಬಂದ್ರು, ಕುರ್ಚಿ ಮೇಲೆ ಕೂತ್ರು, ಆಮೇಲೆ ನಂಗೆ ಮಾತಿಗೆ ಸಂದೇ ಸಿಗ್ಲಿಲ್ಲ."

ಒಳಗೆ ಜಮೀಲುನ್ನೀಸಾ ಹೊಸ ಸೀರೆಯುಟ್ಟು ಕುರ್ಚಿಯಲ್ಲೇ ಇದ್ದಳು. "ಬಾರೋ. ಹಲ್ಲಿಲ್ದೆ ತಿನ್ನೋ ವಿದ್ಯೆ ಕಲಿಯೋಕೆ ನಂಗೆ ಎಪ್ಪತ್ತು ವರ್ಷ ಹಿಡೀತು ಅಂದೆ. ಮಗನಿಗೆ ಪಟ್ಟಿ ಹಿಂಗಿಡು, ರಬ್ಬರು ಹಂಗಿಡು ಅಂತ ಹೇಳಿಕೊಟ್ಟೆ ಅಂದೆ. ಆ ಅಮ್ಮನ ಕಣ್ಣಾಗೆ ನೀರು ಬಂತು. ಮೂರು ಫೋಟೋ!"

"ಅಮ್ಮಾ, ನೀನು ಪಲ್ಪರನ್ನೇ ನೋಡಿಲ್ಲ!"

"ನೋಡದೇ ಇಷ್ಟು ಮಾಡಿದೀನಿ, ನೋಡಿದ್ರೆ ಇನ್ನೆಷ್ಟು ಮಾಡ್ತಿದ್ದೆ!"

ಹಬೀಬ ಇನ್ಸ್‌ಪೆಕ್ಟರು ಕೊಟ್ಟ ಹಾಳೆಯನ್ನು ಬದಿಗೆಸೆದು, ಕಾಗದ, ಮಸಿಕುಡಿಕೆ ತೆಗೆದು ಜಗಲಿಯಲ್ಲಿ ಕೂತ. ರೌಶನ್ ಬೀ ಆ ಹಾಳೆ ಎತ್ತಿಕೊಂಡು ಕೊನೆಯವರೆಗೂ ಓದಿದಳು. "ಈಗ್ಲೇ ಸಂಪಾದಕರಿಗೆ ಬರೀತೀನಿ. ನಮ್ಮಮ್ಮ ಅಲ್ಲ ಅಂತ."

"ಬರೀರಿ. ಅತ್ತೆ ಅಲ್ಲ ಅಂತ ಬರ್ದ ಮೇಲೆ ಮತ್ಯಾರು ಅಂತಾನೂ ಬರೀಬೇಕಲ್ಲ. ಒಸಡಿನ ಕತೆ ಅವರ ಪುಸ್ತಕದಾಗೆ ಆಗ್ಲೇ ಕೂತಿದೆ" ಎಂದಳು ರೌಶನ್ ಬೀ.

ಹಬೀಬ ಬಹಳ ಹೊತ್ತು ಯೋಚಿಸಿದ. ಹೇಮಾವತಿ ದಡದಲ್ಲೂ ಅವನು ಅಷ್ಟು ಯೋಚಿಸಿರಲಿಲ್ಲ. ಆಮೇಲೆ ಕಾಗದ ಮಡಿಸಿಟ್ಟು ಎದ್ದು, ಬೀದಿಯಲ್ಲಿ ಕುತೂಹಲದಿಂದ ನಿಂತಿದ್ದ ಶೇಷಪ್ಪನಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದ: "ನಮ್ಮಮ್ಮ ಅಂದ್ರೆ ಏನಂದ್ಕೊಂಡ್ರಿ? ಪಲ್ಪರಿನ ಬುದ್ಧಿ ಪೂರಾ ಅವರದ್ದೇ!"

"ಹೌದಾ ಮಾರಾಯ್ರೆ? ಹಂಗಾದ್ರೆ ನೀವೊಬ್ರೇ ಮಾಡಿದ್ದು ಎಂತ?" ಎಂದ ಶೇಷಪ್ಪ.

ಹಬೀಬ ಬಾಯಿ ತೆರೆಯುವ ಮೊದಲೇ ಬಾಗಿಲ ಪರದೆಯ ಹಿಂದಿನಿಂದ ರೌಶನ್ ಬೀ ಉತ್ತರ ಕೊಟ್ಟಳು: "ಸೊಳ್ಳೆ."