ಮುಚ್ಚಳ ಕಳಚಿಕೊಂಡ ನೀಲಿ ಟ್ಯಾಂಕಿಗೆ ಒಂದು ಬಿನ್ನಹ

ಮಾನ್ಯರೇ,

ಅಮೆರಿಕದ ಮಿನೆಸೋಟಾದ ಟಾಮರ್ಯಾಕ್ ಸರೋವರದ ದಂಡೆಯ ಕ್ಯಾಂಪಿನಲ್ಲಿ ಪ್ರತಿ ಬೇಸಿಗೆಯೂ ಅದೇ ಜಾಗದಲ್ಲಿ ಟ್ರೈಲರ್ ಎಂಬ ಗಾಲಿಮನೆ ನಿಲ್ಲಿಸಿಕೊಂಡು ನೀರು ನೋಡುತ್ತ ಕೂರುವ ಆರ್ಲನ್ ಸ್ಕೋಗ್‌ಲಂಡ್ ಎಂಬ ನಿವೃತ್ತ ಅಂಚೆಯವನು, ನಮ್ಮ ಕಕ್ಕಸಿನ ಹೊರೆ ಹೊರುವ ಗಾಲಿ ಟ್ಯಾಂಕಾದ ತಮ್ಮ ಪಾದಾರವಿಂದಗಳಿಗೆ, ತಮಗೆ ಪಾದಗಳಿಲ್ಲದ ಕಾರಣ ಚಕ್ರಾರವಿಂದಗಳಿಗೆ, ವಂದಿಸಿ ಬರೆದುಕೊಳ್ಳುವುದೇನೆಂದರೆ:

ನಮ್ಮ ಸಾಲಿಗೆ ಕೊಳಚೆ ಪೈಪಿಲ್ಲ. ಟ್ರೈಲರಿನ ಹೊಟ್ಟೆ ತುಂಬಿದಾಗಲೆಲ್ಲ ಅದನ್ನು ತಮ್ಮ ಹೊಟ್ಟೆಗಿಳಿಸಿ, ಪಿಕಪ್ಪಿನ ಹಿಂದೆ ಕಟ್ಟಿ, ನಡಿಗೆಯ ವೇಗದಲ್ಲಿ ಗೇಟಿನ ಬಳಿಯ ಗುಂಡಿಗೆ ಒಯ್ಯಬೇಕು. ತಮಗಿಂತ ಮುಂಚಿನ ಸಣ್ಣ ಟ್ಯಾಂಕು ತಾನು ತುಂಬಿದ ಸಂಗತಿಯನ್ನು ನನಗೆ ತಿಳಿಸದೆ ನೇರವಾಗಿ ನನ್ನ ಬೂಟುಗಳಿಗೆ ತಿಳಿಸಿದ್ದರಿಂದ, ಅಂಗಡಿಯಲ್ಲಿದ್ದವರಲ್ಲೆಲ್ಲ ಅತಿ ಸ್ಥೂಲರಾದ ತಮ್ಮನ್ನು ಆರಿಸಿದೆ. ಖಾಲಿಯಿದ್ದ ತಮ್ಮನ್ನು ಒಂದೇ ಕೈಯಲ್ಲಿ ಎತ್ತಿ ಹೆಂಡತಿ ವರ್ನಾಳ ಮುಂದೆ ಬೀಗಿದ್ದೂ ಉಂಟು. ತುಂಬಿದ ಮೇಲೆ ತಮ್ಮ ಹಿಡಿಯನ್ನೆತ್ತಿ ಪಿಕಪ್ಪಿಗೆ ಸಿಕ್ಕಿಸುವಷ್ಟರಲ್ಲಿ ನಾನೂ ಪಕ್ಕದ ಟ್ರೈಲರಿನ ಡುವೇನನೂ ಏದುಸಿರು ಬಿಟ್ಟೆವು. "ಪರ್ವಾಗಿಲ್ವೇ ಆರ್ಲನ್, ಒಳ್ಳೆ ದೊಡ್ಡದನ್ನೇ ತಂದಿದ್ದೀಯ" ಎಂದ ಡುವೇನ್. ನಮ್ಮ ಕಡೆ ಇದಕ್ಕಿಂತ ಕಟುವಾಗಿ ಯಾರೂ ಬೈಯುವುದಿಲ್ಲ.

ಆದರೂ ತಮ್ಮ ಸೇವೆಯಲ್ಲಿ ನಾನು ಲೋಪ ಮಾಡಲಿಲ್ಲ. ಪ್ರತಿ ಸಲವೂ ನೀರು ತಿಳಿಯಾಗುವ ತನಕ ತೊಳೆದೆ, ರಬ್ಬರ್ ಉಂಗುರಕ್ಕೆ ಎಣ್ಣೆ ಸವರಿದೆ, ಚಕ್ರಗಳಿಗೆ ಗ್ರೀಸ್ ಹಾಕಿದೆ, ಬಾಯಿ ತೆರೆದಿಟ್ಟು ನೆರಳಿನಲ್ಲಿ ಒಣಗಿಸಿದೆ. ನನ್ನ ಬೆನ್ನಿಗೆ ಇಂಥ ಉಪಚಾರ ಈವರೆಗೆ ಸಿಕ್ಕಿಲ್ಲ. ತಮ್ಮನ್ನು ತಂದ ದಿನವೇ ವರ್ನಾ ಬೂಟಿನ ಪ್ರಸಂಗ ನೆನಪಿಸಿ, "ಇನ್ನೊಂದ್ಸಲ ಈ ವಾಸ್ನೆ ಬರ್ಲಿ, ಟ್ರೈಲರ್ ಮಾರಿಬಿಡ್ತೀನಿ. ಆಮೇಲೆ ಟೀವೀಲಿ ಸರೋವರ ನೋಡ್ಕೊಂಡು ಕೂತ್ಕೋ" ಎಂದಿದ್ದು ತಮಗೂ ಕೇಳಿಸಿರಬೇಕು. ಈ ದಂಡೆ ತಪ್ಪಿದರೆ ನನಗೆ ಬೇಸಿಗೆಯೇ ಇಲ್ಲ, ಮಾನ್ಯರೇ. ಅದನ್ನು ತಿಳಿದೂ ತಾವು ಹಾಗೆ ಮಾಡಿದಿರಿ.

ತುಂಬಿದ ತಮ್ಮನ್ನು ಎಳೆದುಕೊಂಡು ನಾನು ಗುಂಡಿಗೆ ಹೊರಟ ಆ ಶನಿವಾರ ದಾರಿಯ ಪಕ್ಕದ ಉದ್ದ ಮೇಜಿನ ಮೇಲೆ ಎಲ್ಲರ ಮನೆಯ ಅಡುಗೆಯೂ ನೆರೆದಿತ್ತು. ಎದುರಾದವರಿಗೆಲ್ಲ ಕೈ ಬೀಸುವುದು ನಮ್ಮ ಕ್ಯಾಂಪಿನ ಸಂಪ್ರದಾಯವಷ್ಟೇ. ಅಂದು ಮಾತ್ರ ಜನ ಎರಡೂ ಕೈಗಳನ್ನು ಬೀಸಿದರು. ಡುವೇನ್ ಎದ್ದು ನಿಂತು ಟೋಪಿ ಬೀಸಿದ, ಆಲೂಗೆಡ್ಡೆಯ ಹಾಟ್‌ಡಿಶ್ ಬಡಿಸುತ್ತಿದ್ದ ಅವನ ಹೆಂಡತಿ ಸೌಟು ಬೀಸಿದಳು. ಇಷ್ಟೊಂದು ಪ್ರೀತಿ ಕಂಡು ನಾನೂ ಕಿಟಕಿಯಿಂದ ಕೈ ಹೊರಚಾಚಿದೆ. ಒಬ್ಬೊಬ್ಬರಿಗೂ ಕೈ ಬೀಸಲು ಅನುಕೂಲವಾಗಲೆಂದು ಗಾಡಿಯನ್ನು ಇನ್ನೂ ನಿಧಾನ ಮಾಡಿದೆ. ಗುಂಡಿಯ ಬಳಿ ಇಳಿದು ನೋಡಿದರೆ ತಮ್ಮ ಮುಚ್ಚಳ ಸರಪಳಿಯಲ್ಲಿ ತೂಗಾಡುತ್ತಿದೆ, ತಾವು ಹೂವಿನಂತೆ ಹಗುರಾಗಿದ್ದೀರಿ, ಬಂದ ದಾರಿಯುದ್ದಕ್ಕೂ ಊಟದ ಮೇಜನ್ನೂ ಬಿಡದೆ ಒದ್ದೆ ಗೆರೆ ಎಳೆದಿದ್ದೀರಿ. ಮುಚ್ಚಳ ಬಿಗಿಯುವುದು ಯಾರ ಕೆಲಸವಾಗಿತ್ತು ಎಂಬ ಕ್ಷುಲ್ಲಕ ಚರ್ಚೆಗೆ ನಾನು ಇಳಿಯುವುದಿಲ್ಲ. "ಕಿರುಚೋದು ಚೆನ್ನಾಗಿರಲ್ಲ ಅಂತ ಸುಮ್ನಾದೆ ಕಣಯ್ಯ" ಎಂದ ಡುವೇನ್. ಊಟ ಹೇಗಿತ್ತೆಂದು ಕೇಳಿದೆ. "ಸ್ವಲ್ಪ ಬೇರೆ ಥರ ಇತ್ತು" ಎಂದ.

ಆದ್ದರಿಂದ ತಾವು ದಯಮಾಡಿ ಒಂದು ನಾಲಿಗೆ ಬೆಳೆಸಿಕೊಂಡು, ಯಾರೂ ಕಿರುಚದ ಈ ಸೀಮೆಯಲ್ಲಿ ಕಿರುಚುವ ಹೊಣೆ ಹೊರಬೇಕು. ತುಂಬಿದಾಗ ಹಗುರಾಗಿ, ಖಾಲಿಯಾದಾಗ ಬೇಕಾದಷ್ಟು ತೂಗಬೇಕು. ಸಾಧ್ಯವಾದರೆ ನನ್ನನ್ನು ಕರೆಯದೆ ತಾವೊಬ್ಬರೇ ಗುಂಡಿಗೆ ಹೋಗಿಬರಬೇಕು ಎಂದು ಪ್ರಾರ್ಥಿಸುವವನಿದ್ದೆ. ಅಷ್ಟರಲ್ಲಿ ವರ್ನಾ 'ಮಾರಾಟಕ್ಕಿದೆ' ಎಂದು ರಟ್ಟಿನ ಮೇಲೆ ಬರೆದು, ಹಗ್ಗ ಹಿಡಿದು ಹೊರಗೆ ಹೋದಳು. ನಾನು ನೀರಿನ ಕಡೆ ಮುಖ ಮಾಡಿ ಕೂತೆ. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಕೊನೆಗೆ ಎದ್ದು ಹೋಗಿ ನೋಡಿದರೆ, ರಟ್ಟು ತಮ್ಮ ಕೊರಳಲ್ಲಿತ್ತು.

"ಟ್ರೈಲರ್ ಮಾರಿದ್ರೆ ಬೇಸಿಗೆಯೆಲ್ಲ ನೀನು ಮನೇಲೇ ಇರ್ತೀಯಲ್ಲ ಆರ್ಲನ್. ಅದಕ್ಕಿಂತ ಈ ವಾಸ್ನೇನೇ ವಾಸಿ" ಎಂದಳು.

ತಮ್ಮಿಂದ ಬಿಡುಗಡೆ ಹೊಂದಿದ,
ತಮ್ಮ ವಿಶ್ವಾಸಿ,
ಆರ್ಲನ್ ಸ್ಕೋಗ್‌ಲಂಡ್

ಮರೆತಿದ್ದು: "ಮುಚ್ಚಳ ನೋಡ್ಕೊಂಡ್ರಾಯ್ತು, ಅಷ್ಟೇ ತಾನೇ" ಎಂದು ತಮ್ಮನ್ನು ಕೊಂಡುಕೊಂಡ ಡುವೇನನ ಪಿಕಪ್ಪಿನ ಹಿಂದೆ ತಾವು ಇಂದು ಬೆಳಿಗ್ಗೆ ನಮ್ಮ ಮುಂದೆಯೇ ಹಾದುಹೋದಿರಿ. ಮುಚ್ಚಳ ತೂಗಾಡುತ್ತಿತ್ತು. ಡುವೇನ್ ಕೈ ಬೀಸಿದ. ನಾನೂ ಎದ್ದು ನಿಂತು, ಟೋಪಿ ತೆಗೆದು, ಎರಡೂ ಕೈ ಬೀಸಿದೆ. ಕಿರುಚುವುದು ಚೆನ್ನಾಗಿರುವುದಿಲ್ಲ.