ಚಿನ್ನವಿಲ್ಲದ ಗಣಿಗೆ ಬಂದ ಕುತ್ತು

ಷೇರು ಕೊಳ್ಳುವ ಪ್ರಜೆಗಳು ಕಣ್ಣು ಮುಚ್ಚಿಕೊಂಡು ಮೋಸಹೋಗಬಾರದು ಎಂಬ ಸದುದ್ದೇಶದಿಂದ ಸರ್ಕಾರವು ಎಚ್ಚರಿಕೆ ಇಲಾಖೆ ಎಂಬುದೊಂದನ್ನು ಸ್ಥಾಪಿಸಿದೆ. ಅಂದಿನಿಂದ ಎಲ್ಲರೂ ಕಣ್ಣು ಬಿಟ್ಟುಕೊಂಡೇ ಮೋಸಹೋಗುತ್ತಿದ್ದಾರೆ.

ಆ ಇಲಾಖೆಯಲ್ಲಿ ಒಬ್ಬ ಗುಮಾಸ್ತನಿದ್ದ. ಇರುವೆ ಕಂಡರೆ ದಾಟಿಕೊಂಡು ಹೋಗುವಂಥ ಸಾಧು. ಮನೆ ಅಳಿಯ. ಮನೆ ಅತ್ತೆಯದು, ಮಂಚ ಅತ್ತೆಯದು, ಮಳೆ ಬಂದರೆ ಹಿಡಿಯುವ ಕೊಡೆಯೂ ಅತ್ತೆಯದೇ. ಬೀದಿಯವರು ಅವನನ್ನು ಅಳಿಯ ಎನ್ನುತ್ತಿದ್ದರು, ಕಚೇರಿಯಲ್ಲೂ ಅದೇ ಹೆಸರು ನಿಂತಿತು. ನಾವೂ ಹಾಗೇ ಕರೆಯೋಣ, ಪಾಪ, ಬೇಜಾರು ಮಾಡಿಕೊಳ್ಳುವವನಲ್ಲ.

ಒಂದು ಬೆಳಗ್ಗೆ ಊಟಕ್ಕೆ ಬಡಿಸುತ್ತಾ ಅತ್ತೆ ಅಂದಳು: "ಅಳಿಯಂದಿರೇ, ಈ ಮನೆ ಅಡ ಇಟ್ಟು ಚಿನ್ನದ ಗಣಿ ಷೇರು ತಗೋಬೇಕು ಅಂತಿದೀನಿ."

ಅಳಿಯ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟ. "ಯಾವ ಗಣಿ, ಅತ್ತೆ?"

"ಮಾರ್ಕೆಟ್ ರಸ್ತೇಲಿ, ಹಲ್ಲಿನ ಡಾಕ್ಟರ ಮಹಡಿ ಮೇಲಿದೆಯಲ್ಲ, ಅದು."

"ಮಹಡಿ ಮೇಲೆ ಗಣಿಯಾ?"

"ಆಫೀಸು ಮಹಡಿ ಮೇಲೆ, ಗುಂಡಿ ಊರಾಚೆ. ಇಲಾಖೇಲಿರೋರು ನೀವು, ಹೇಳಿಕೊಡೋಳು ನಾನು!"

ಮನೆ ಹೋದರೆ ಅತ್ತೆ, ಹೆಂಡತಿ, ತಾನು ಮೂವರೂ ಬೀದಿಗೆ. ಅಳಿಯ ಕೈ ತೊಳೆದವನೇ ಕಚೇರಿಗೆ ಓಡಿದ. ಎಂದೂ ಇಲ್ಲದ ಹುರುಪಿನಿಂದ ತನಿಖೆ ಮಾಡಿ, ನಿಯಮದ ಪ್ರಕಾರ ಕಂಪನಿಯ ಬಾಗಿಲಿಗೆ ಕೆಂಪಕ್ಷರದ ಫಲಕ ಹಾಕಿಸಿದ. ಅದರಲ್ಲಿ ಹೀಗಿತ್ತು:

"ಸಾರ್ವಜನಿಕರ ಗಮನಕ್ಕೆ. ಈ ಗಣಿಯಲ್ಲಿ ಚಿನ್ನ ಇಲ್ಲ. ಇದೆಯೆಂದು ಪ್ರಮಾಣಪತ್ರ ಕೊಟ್ಟ ಭೂಗರ್ಭ ತಜ್ಞರು ಅಧ್ಯಕ್ಷರ ಭಾವಮೈದುನರಾಗಿದ್ದು, ವೃತ್ತಿಯಿಂದ ಹಲ್ಲಿನ ವೈದ್ಯರಾಗಿರುತ್ತಾರೆ. ಬೆಟ್ಟದಾಚೆಯ ಬೇರೊಬ್ಬರ ಗಣಿಯಲ್ಲಿ ಚಿನ್ನ ಸಿಕ್ಕಿದ್ದನ್ನು ಇವರು ತಮ್ಮ ಸಾಧನೆಯೆಂದು ಸಾರುತ್ತಾರೆ. ಅಗೆಯುವುದಕ್ಕಿಂತ ಜಾಹೀರಾತಿಗೆ ಹೆಚ್ಚು ಖರ್ಚಾಗಿದೆ. ಹಾಲಿಗೆ ನೀರು ಬೆರೆಸಿದಂತೆ ಹೊಸ ಷೇರುಗಳನ್ನು ಬೆರೆಸಲಾಗುತ್ತಿದೆ. ಅಧ್ಯಕ್ಷರು ತಮ್ಮ ಸ್ವಂತ ಷೇರುಗಳನ್ನು ಸದ್ದಿಲ್ಲದೆ ಮಾರುತ್ತಿದ್ದಾರೆ."

ಕಂಪನಿಯ ಅಧ್ಯಕ್ಷರು ಕನ್ನಡಕ ಏರಿಸಿ ಪೂರ್ತಿ ಓದಿದರು. "ಒಂದು ತಪ್ಪು ಹುಡುಕೋಕಾಗಲ್ಲ ಸಾರ್! ಇದಕ್ಕೊಂದು ದೀಪ ಹಾಕಿಸಲಾ? ಸಂಜೆ ಬರೋರಿಗೆ ಕಾಣ್ಬೇಕಲ್ಲ."

ದೀಪ ಹಾಕಿಸಿದರು. ಮಾರನೆಯ ದಿನದಿಂದ ಷೇರು ಕೊಳ್ಳುವವರ ಸಾಲು ಮೆಟ್ಟಿಲಿಳಿದು ರಸ್ತೆ ತಿರುವಿನವರೆಗೆ ಹೋಯಿತು. ಸಾಲಿನ ಮುಂದೆ ಅತ್ತೆ.

"ಫಲಕ ಓದಿದ್ರಾ, ಅತ್ತೆ?" ಅಳಿಯ ಹೆಚ್ಚುಕಡಿಮೆ ಅಳುತ್ತಿದ್ದ.

"ಓದಿಸಿಕೊಂಡೆ. ಅದಕ್ಕೇ ಧೈರ್ಯ ಬಂದದ್ದು. ಹುಡುಗನ ಕಡೆಯೋರು ತಾವಾಗೇ ಬಂದು 'ನಮ್ಮ ಹುಡುಗ ಕುಡೀತಾನೆ' ಅಂದ್ರೆ ಅವರನ್ನ ನಂಬಬಹುದು. ನಿಮ್ಮ ಕಡೆಯೋರು ಒಂದು ಮಾತು ಹೇಳಿದ್ರಾ?"

"ನಾನು ಕುಡಿಯೋದೇ ಇಲ್ವಲ್ಲ!"

"ಅದೇ ನಾನೂ ಹೇಳಿದ್ದು. ಬಾಯೇ ಬಿಡಲಿಲ್ಲ. ಗೊರಕೆ ಹೊಡೀತೀರಿ ಅಂತ ತಾಳಿ ಕಟ್ಟಿದ ಮೇಲೆ ಗೊತ್ತಾಯ್ತು."

ಆದರೂ ಅತ್ತೆ ಹುಂಬಳಲ್ಲ. ಕಂಡದ್ದನ್ನೂ ಪರಾಂಬರಿಸಿ ನೋಡುವವಳು. ಸಾಲು ಬಿಟ್ಟು, ಬಸ್ಸು ಹಿಡಿದು ಗುಂಡಿಗೇ ಹೋದಳು. ಒಳಗೆ ಇಣುಕಿದಳು, ಕೋಲು ಹಾಕಿ ಕೆದಕಿದಳು, ಮಣ್ಣನ್ನು ಹಿಡಿಯಲ್ಲಿ ತುಂಬಿ ಬಿಸಿಲಿಗೆ ಹಿಡಿದಳು. ಸಂಜೆ ಮುಖ ಅರಳಿಸಿಕೊಂಡು ಬಂದಳು.

"ಇಲ್ಲ ಅಳಿಯಂದಿರೇ! ಬರೆದ ಹಾಗೇ ಇದೆ. ಒಂದು ಚೂರೂ ಇಲ್ಲ! ಇಂಥ ನಿಯತ್ತಿನ ಜನ ಈ ಕಾಲದಲ್ಲಿ ಎಲ್ಲಿದಾರೆ?"

ಮನೆಯನ್ನು ಸಾಹುಕಾರನಿಗೆ ಅಡ ಇಟ್ಟು ಷೇರು ಕೊಂಡಳು. ಷೇರಿನ ಬೆಲೆ ಗಾಳಿಪಟದ ಹಾಗೆ ಏರಿತು. ಬೆಟ್ಟದಾಚೆಯ ಗಣಿಯವರು, ಅದೇ, ನಿಜವಾಗಿ ಚಿನ್ನ ಸಿಗುತ್ತಿದ್ದ ದುರದೃಷ್ಟವಂತರು, ಇಲಾಖೆಯ ಬೆಂಚಿನ ಮೇಲೆ ಬಂದು ಕೂತರು. "ನಮಗೂ ಒಂದು ಎಚ್ಚರಿಕೆ ದಯಪಾಲಿಸಿ ಸ್ವಾಮಿ. ಯಾರೂ ಹತ್ತಿರ ಸೇರಿಸ್ತಿಲ್ಲ."

"ಅರ್ಹತೆ ಏನಿದೆ?" ಅಂದರು ಮೇಲಧಿಕಾರಿ.

ಅವರು ಮುಖ ಮುಖ ನೋಡಿಕೊಂಡು ತಲೆ ತಗ್ಗಿಸಿ ಹೋದರು.

ಹೀಗೆ ಎಲ್ಲರೂ ಸುಖವಾಗಿರುವಾಗ ನಾಯಿಯೊಂದು ಗುಂಡಿಗೆ ಬಿತ್ತು. ಅಲ್ಲಿನ ಕಾವಲುಗಾರ ಮರುಕದ ಮನುಷ್ಯ. ಅದು ಹತ್ತಿಬರಲೆಂದು ಒಂದು ಪಕ್ಕದಲ್ಲಿ ಇಳಿಜಾರು ಅಗೆದ. ಕಂಪನಿ ಹುಟ್ಟಿದ ಮೇಲೆ ಅಲ್ಲಿ ಯಾರಾದರೂ ಅಗೆದದ್ದು ಅದೇ ಮೊದಲು. ಗುದ್ದಲಿಗೆ ಹಳದಿ ಗೆರೆಯೊಂದು ತಗುಲಿತು. ಅಕ್ಕಸಾಲಿ ಒರೆಗೆ ಹಚ್ಚಿ ನೋಡಿ, ಅಪ್ಪಟ ಚಿನ್ನ ಅಂದುಬಿಟ್ಟ.

ಸುದ್ದಿ ಊರು ತುಂಬುವಷ್ಟರಲ್ಲಿ ಷೇರು ಪಾತಾಳ ಕಂಡಿತ್ತು. ಜನ ಮಹಡಿ ಮೆಟ್ಟಿಲ ಮೇಲೆ ನಿಂತು ಕೂಗಿದರು: "ಇಲ್ಲ ಇಲ್ಲ ಅಂತ ನಂಬಿಸಿ ಕತ್ತು ಕುಯ್ದರಲ್ಲಪ್ಪ!" ಅಧ್ಯಕ್ಷರು ಕೈಮುಗಿದು ಬಿಕ್ಕಿದರು. "ನಮಗೇನೂ ಗೊತ್ತಿಲ್ಲ. ನಾಯಿ ಮಾಡಿದ ಕೆಲಸ."

ಇತ್ತ ಸಾಹುಕಾರ ಟೇಪು ಹಿಡಿದು ಮನೆ ಅಳೆಯಲು ಬಂದ. ಅಡುಗೆಮನೆ ಅಳೆದ, ನಡುಮನೆ ಅಳೆದ. ಅತ್ತೆ ಕೂತ ಕುರ್ಚಿಯ ಸುತ್ತ ಟೇಪು ಸುತ್ತಿ, "ಸ್ವಲ್ಪ ಕಾಲು ಎತ್ತಿ ತಾಯಿ" ಅಂದ. ಕಾಲೆತ್ತಿದ ಅತ್ತೆ ಅಳಿಯನ ಕಡೆ ನೋಡಿದಳು. ಅಳಿಯ ಕಚೇರಿಗೆ ಓಡಿದ.

ಇಲಾಖೆಯಲ್ಲಿ ತುರ್ತು ಸಭೆ ಸೇರಿತು. ಚಿನ್ನವಿರುವ ಕಡೆ ಚಿನ್ನ ಇಲ್ಲ ಎಂದು ಬರೆದದ್ದು ಸುಳ್ಳು ಎಚ್ಚರಿಕೆ, ಬರೆದವನಿಗೆ ಕೆಲಸ ಹೋಗುವ ಅಪರಾಧ.

"ಫಲಕ ತಿದ್ದಿಬಿಡೋಣ್ವಾ ಸಾರ್?" ಅಳಿಯ ಕೇಳಿದ.

ಮೇಲಧಿಕಾರಿ ನಿಯಮ ಪುಸ್ತಕವನ್ನು ಹಿಂದೆಮುಂದೆ ತಿರುವಿದರು. "ಒಮ್ಮೆ ಹಾಕಿದ ಫಲಕವನ್ನು ತಿದ್ದಲು ಅವಕಾಶವಿಲ್ಲ ಕಣ್ರೀ." ಇನ್ನೊಂದು ಪುಟ ತಿರುವಿದರು. "ಭೂಮಿಯನ್ನು ತಿದ್ದಬಾರದು ಅಂತ ಎಲ್ಲೂ ಇಲ್ಲ."

ಕೂಡಲೇ ಆದೇಶವಾಯಿತು. ದೊರೆತ ಚಿನ್ನವನ್ನು ದೊರೆತ ಸ್ಥಳದಲ್ಲೇ ಹೂತು, ದೊರೆಯದಂತೆ ಮಾಡತಕ್ಕದ್ದು. ಹೂಳುವ ಜವಾಬ್ದಾರಿ ಫಲಕ ಬರೆದವನದೇ.

ಊರೇ ಗುಂಡಿಯ ಸುತ್ತ ನೆರೆಯಿತು. ಅಳಿಯ ಪ್ಯಾಂಟು ಮಡಚಿಕೊಂಡು ಕೆಳಗಿಳಿದ. ಅಷ್ಟು ಚಿನ್ನವನ್ನು ಅವನ ಏಳು ತಲೆಮಾರಿನಲ್ಲಿ ಯಾರೂ ಕಂಡಿರಲಿಲ್ಲ. ಅವನೂ ಕಾಣದವನ ಹಾಗೆ ಮಣ್ಣೆಳೆದ. ಅತ್ತೆ ದಡದಲ್ಲಿ ಬಗ್ಗಿ ನಿಂತು ಹೇಳಿಕೊಡುತ್ತಿದ್ದಳು: "ಬಲಗಡೆ ಇನ್ನೂ ಹೊಳೀತಿದೆ, ಅಳಿಯಂದಿರೇ! ಇನ್ನೆರಡು ಬುಟ್ಟಿ ಹಾಕಿ. ಹಾಂ... ಕಾಲಲ್ಲಿ ಚೆನ್ನಾಗಿ ತುಳೀರಿ!"

ತುಳಿದ. ಮೇಲಧಿಕಾರಿ ಬಗ್ಗಿ ನೋಡಿ, ಕನ್ನಡಕ ತೆಗೆದು ಇನ್ನೊಮ್ಮೆ ನೋಡಿ, ಗಂಭೀರವಾಗಿ ಘೋಷಿಸಿದರು: "ಇಲ್ಲ."

ಜನ ಚಪ್ಪಾಳೆ ತಟ್ಟಿದರು. ಕೆಲವರ ಕಣ್ಣಲ್ಲಿ ನೀರೇ ಬಂತು. ಸಂಜೆಯೊಳಗೆ ಷೇರು ಮೊದಲಿನ ಬೆಲೆ ದಾಟಿತು. ಸಾಹುಕಾರ ಟೇಪು ಮಡಚಿ ಜೇಬಿಗಿಟ್ಟುಕೊಂಡು ಮಹಡಿ ಹತ್ತಿ, ತನಗೂ ಒಂದಷ್ಟು ಬೇಕು ಅಂದ. ಅವನ ಹಿಂದೆ, ಉಗುರಿನಲ್ಲಿ ಇನ್ನೂ ಹಳದಿ ಮಣ್ಣಿದ್ದ ಅಳಿಯ, ಈ ತಿಂಗಳ ಸಂಬಳ ಹಿಡಿದು ನಿಂತಿದ್ದ. ಹಾಗೆ ನೋಡಿದರೆ, ಅಲ್ಲಿ ಚಿನ್ನ ಇಲ್ಲ ಅನ್ನುವುದು ಅವನಷ್ಟು ಖಚಿತವಾಗಿ ಇನ್ಯಾರಿಗೆ ಗೊತ್ತು?